ಬಹಿಷ್ಕರಿಸು: ಹೊರಗೆ ಉಳಿದವರು ಯಾರು?

'ಮೀನುಗಾರರ ಬಹಿಷ್ಕಾರ' ಎಂದು ಕಾರವಾರದ ಸುದ್ದಿಗೆ ತಲೆಬರಹ ಕೊಟ್ಟರೆ ಓದುಗರು ಏನೆಂದು ತಿಳಿಯಬೇಕು? ಊರವರು ಮೀನುಗಾರರನ್ನು ದೂರವಿಟ್ಟರೋ, ಮೀನುಗಾರರೇ ಸಭೆಗೆ ಹೋಗದೆ ಉಳಿದರೋ? ಎರಡೂ ಅರ್ಥ ಹೊರಡುತ್ತದೆ. 'ಮೀನುಗಾರರಿಗೆ ಬಹಿಷ್ಕಾರ' ಒಂದು ಸುದ್ದಿ, 'ಮೀನುಗಾರರಿಂದ ಬಹಿಷ್ಕಾರ' ಅದರ ತದ್ವಿರುದ್ಧ. ಇಲ್ಲಿ ಷಷ್ಠಿ ವಿಭಕ್ತಿಯನ್ನು ನಂಬುವಂತಿಲ್ಲ.

ಪದದ ಮೂಲ ಸರಳ. ಸಂಸ್ಕೃತದ 'ಬಹಿಸ್' ಅಂದರೆ ಹೊರಗೆ, 'ಕೃ' ಅಂದರೆ ಮಾಡು. ಬಹಿರಂಗ, ಬಹಿರ್ದೆಸೆಗಳಲ್ಲಿ ಇರುವುದೂ ಇದೇ ಬಹಿಸ್. ಕ ಅಕ್ಷರದ ಮುಂದೆ ಸಕಾರ ಏನಾಗುತ್ತದೆ ಎಂಬುದನ್ನು ಅದರ ಹಿಂದಿನ ಸ್ವರ ನಿರ್ಧರಿಸುತ್ತದೆ. ಹಿಂದೆ ಅ ಇದ್ದರೆ ಹಾಗೇ ಉಳಿಯುತ್ತದೆ: ನಮಸ್ಕಾರ, ತಿರಸ್ಕಾರ, ಪುರಸ್ಕಾರ. ಇ ಇದ್ದರೆ ಷಕಾರ: ಆವಿಷ್ಕಾರ, ಬಹಿಷ್ಕಾರ. ಇಷ್ಟು ನೆನಪಿದ್ದರೆ 'ಬಹಿಸ್ಕಾರ' ಎಂಬ ತಪ್ಪು ಆಗದು. ಕ್ರಿಯಾಪದ ಮಾಡುವಾಗ ದೀರ್ಘ ಹ್ರಸ್ವವಾಗುತ್ತದೆ. ಸತ್ಕಾರ ಸತ್ಕರಿಸು ಆದಂತೆ ಇದು ಬಹಿಷ್ಕರಿಸು, 'ಬಹಿಷ್ಕಾರಿಸು' ಸರಿಯಲ್ಲ.

ಕಷ್ಟ ಇರುವುದು ಅರ್ಥದ ದಿಕ್ಕಿನಲ್ಲಿ. ರಸ್ತೆಯಿಲ್ಲ, ಸೇತುವೆಯಿಲ್ಲ ಎಂದು ಘಟ್ಟದ ಊರಿನವರು 'ಮತದಾನ ಬಹಿಷ್ಕಾರ' ಎಂಬ ಬ್ಯಾನರ್ ಕಟ್ಟಿದಾಗ ಮತದಾನವನ್ನು ಯಾರೂ ಹೊರಗೆ ಹಾಕುವುದಿಲ್ಲ. ಊರವರೇ ಹೊರಗೆ ನಿಲ್ಲುತ್ತಾರೆ. ಮನೆಯೊಂದಕ್ಕೆ ಬಹಿಷ್ಕಾರ ಹಾಕಿದಾಗ ಹೊರಗಾಗುವುದು ಆ ಮನೆ. ಇಂಗ್ಲಿಷ್ ಇಲ್ಲಿ ಎರಡು ಪದ ಇಟ್ಟುಕೊಂಡಿದೆ: ಹೊರಗೆ ಹಾಕುವುದಕ್ಕೆ 'ಆಸ್ಟ್ರಸೈಜ್', ತಾವೇ ದೂರ ನಿಲ್ಲುವುದಕ್ಕೆ 'ಬಾಯ್ಕಾಟ್'. 'ಆಸ್ಟ್ರಸೈಜ್' ಹುಟ್ಟಿದ್ದು ಪ್ರಾಚೀನ ಅಥೆನ್ಸಿನಲ್ಲಿ: ಮಡಕೆಚೂರಿನ ಮೇಲೆ ಹೆಸರು ಗೀರಿ ಮತ ಹಾಕುತ್ತಿದ್ದರು, 6,000 ಚೂರುಗಳ ಲೆಕ್ಕ ಬೇಕಿತ್ತು, ಶಿಕ್ಷೆ 10 ವರ್ಷ ಊರು ಬಿಡುವುದು. ಆಸ್ತಿ ಮಾತ್ರ ಅವನದೇ. 'ಬಾಯ್ಕಾಟ್' ಬಂದದ್ದು 1880ರಲ್ಲಿ, ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಜಮೀನುದಾರನ ಏಜೆಂಟನಾಗಿದ್ದ ಚಾರ್ಲ್ಸ್ ಬಾಯ್ಕಾಟ್‌ನ ಹೆಸರಿನಿಂದ. ಆಳುಗಳು ಅವನ ಬೆಳೆ ಕೊಯ್ಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊರಗಿನಿಂದ ಸುಮಾರು 50 ಜನರನ್ನು ಸೈನ್ಯದ ಕಾವಲಿನಲ್ಲಿ ತಂದು ಕೊಯ್ಲು ಮುಗಿಸಬೇಕಾಯಿತು.

ಶಿರಸಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ತೋಟಕ್ಕೆ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊಂಚಲು) ಕೊಯ್ಯುವವನು, ಬಾರದೇ ಹೋದರೆ ಮನೆಯವರು ಮರ ಹತ್ತಲಾರರು. ಕೆಂಪಡಿಕೆಗೆಂದು ಹಸಿರಾಗಿರುವಾಗಲೇ ಇಳಿಸಬೇಕಾದ ಕೊನೆ ಮರದ ಮೇಲೆಯೇ ಹಣ್ಣಾಗುತ್ತದೆ. ಸುಲಿಯಲು ಮುಯ್ಯಾಳು, ಅಂದರೆ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡುವ ನೆರೆಯವರು, ಬರುವುದಿಲ್ಲ. ಒಂದು ಕಲ್ಲೂ ಬೀಳದೆ ವರ್ಷದ ಬೆಳೆ ಕೆಡುತ್ತದೆ. ಉಚ್ಚಾಟನೆಗೂ ಗಡೀಪಾರಿಗೂ ಕಾಗದದ ಮೇಲೆ ಆದೇಶ ಇರುತ್ತದೆ, ಪ್ರಶ್ನಿಸಬಹುದು. ಬಹಿಷ್ಕಾರಕ್ಕೆ ಹಲವು ಬಾರಿ ಅದೂ ಇರುವುದಿಲ್ಲ. ಅದಕ್ಕೇ ಅದು ಹೆಚ್ಚು ಕ್ರೂರ.

ಮನಸ್ಸಿನ ನಷ್ಟವನ್ನು ಅಳೆಯುವ ಪ್ರಯತ್ನವೂ ನಡೆದಿದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರು ಪರದೆಯ ಮೇಲೆ ಇನ್ನಿಬ್ಬರೊಡನೆ ಚೆಂಡು ಎಸೆದಾಡಿದರು. ಸ್ವಲ್ಪ ಹೊತ್ತಿಗೆ ಆ ಇಬ್ಬರು ತಮ್ಮತಮ್ಮಲ್ಲೇ ಆಡತೊಡಗಿದರು. ಚೆಂಡು ಸಿಗದವರ ಮೆದುಳಿನಲ್ಲಿ, ಮೈನೋವಿನ ಯಾತನೆಗೂ ಸಂಬಂಧಿಸಿದ ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಭಾಗವೊಂದು ಚುರುಕಾಯಿತು. ಆ ಭಾಗ ಬೇರೆ ಕೆಲಸಗಳಲ್ಲೂ ಚುರುಕಾಗುವುದರಿಂದ 'ಮೆದುಳಿಗೆ ಎರಡೂ ಒಂದೇ' ಎಂದುಬಿಡುವುದು ಅವಸರ. ಆದರೆ ಎದುರಿಗಿರುವುದು ಕಂಪ್ಯೂಟರ್ ಎಂದು ಮೊದಲೇ ತಿಳಿಸಿದರೂ ಜನ ನೊಂದುಕೊಳ್ಳುತ್ತಾರೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ಕಂಡಿತು.

ಬರೆಯುವವರು ಗಮನಿಸಬೇಕಾದ್ದು ಇನ್ನೊಂದಿದೆ. 'ಹೊರಗಿಡು', 'ಹೊರಹಾಕು' ಎನ್ನುವಾಗ ಇಟ್ಟವರು, ಹಾಕಿದವರು ಯಾರೋ ಇರಲೇಬೇಕು. 'ಹೊರಗಾಗು' ಎಂದೊಡನೆ ಅವರು ಮಾಯ. ಮುಟ್ಟಾದವಳನ್ನು ಜಗಲಿಗೆ ಕಳಿಸುವ ಮನೆಗಳಲ್ಲಿ ಬಳಕೆಯಾಗುವುದು ಈ ಮಾತೇ: 'ಅವಳು ಹೊರಗಾಗಿದ್ದಾಳೆ', ತಾನೇ ಆಗಿ ಆದಂತೆ. 'ಕುಟುಂಬ ಬಹಿಷ್ಕಾರಕ್ಕೆ ಒಳಗಾಗಿದೆ' ಎಂಬ ವರದಿಯ ವಾಕ್ಯವೂ ಅದೇ ಕೆಲಸ ಮಾಡುತ್ತದೆ. ಹಾಕಿದವರು ಯಾರು, ನಿಲ್ಲಿಸಿದ್ದು ಏನು, ಕೊನೆಕೊಯ್ಲೋ, ಬಾವಿಯ ನೀರೋ, ಮಾತುಕತೆಯೋ, ಅಷ್ಟನ್ನೂ ಆ ವಾಕ್ಯದಲ್ಲೇ ಬರೆಯಬೇಕು.