ಪದ ಪರಿಚಯ: ಮಾನವೀಯ ಮೈನ್ ಆ್ಯಕ್ಷನ್

ಏಪ್ರಿಲ್ 4 ಯಾವ ದಿನ ಎಂಬುದು ಮೈಸೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಒಂದು ಅಂಕದ ಪ್ರಶ್ನೆ. ವಿಶ್ವಸಂಸ್ಥೆಯ ಮಹಾಸಭೆಯು 2005ರ ಡಿಸೆಂಬರ್‌ನಲ್ಲಿ ಗೊತ್ತುಮಾಡಿದ ನೆಲಬಾಂಬ್ ಜಾಗೃತಿ ದಿನ ಎಂದು ಬಾಯಿಪಾಠ ಮಾಡಿಕೊಂಡರೆ ಅಲ್ಲಿಗೆ ವಿಷಯ ಮುಗಿಯುತ್ತದೆ. ಆದರೆ ಆ ದಿನದ ಅಧಿಕೃತ ಹೆಸರಿನಲ್ಲಿ ಜಾಗೃತಿಯ ಜೊತೆಗೆ ‘ಮೈನ್ ಆ್ಯಕ್ಷನ್‌ಗೆ ನೆರವು’ ಎಂಬ ಇನ್ನೊಂದು ಭಾಗವೂ ಇದೆ. ಕೈಪಿಡಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಆ ಎರಡನೆಯ ಭಾಗವನ್ನು ಇಲ್ಲಿ ಪರಿಚಯಿಸಲಾಗಿದೆ.

ಯುದ್ಧ ನಿಂತ ಮೇಲೂ ನೆಲದಲ್ಲಿ ಉಳಿದುಬಿಡುವ ನೆಲಬಾಂಬು, ಸಿಡಿಯದೆ ಬಿದ್ದ ಶೆಲ್ಲು, ಕ್ಲಸ್ಟರ್ ಬಾಂಬಿನ ಮರಿಗುಂಡು, ಕೈಯಿಂದ ತಯಾರಿಸಿದ ಸ್ಫೋಟಕ ಇವುಗಳಿಂದ ನಾಗರಿಕರಿಗೆ ಆಗುವ ಹಾನಿಯನ್ನು ತಗ್ಗಿಸಿ, ಆ ನೆಲವನ್ನು ಜನರು ಮತ್ತೆ ನಿರ್ಭಯವಾಗಿ ಬಳಸುವಂತೆ ಮಾಡುವ ಎಲ್ಲ ಕೆಲಸಗಳನ್ನೂ ಒಟ್ಟಾಗಿ ಮಾನವೀಯ ಮೈನ್ ಆ್ಯಕ್ಷನ್ ಎನ್ನುತ್ತಾರೆ. ಇದಕ್ಕೆ ಐದು ಅಂಗಗಳೆಂದು ಹೇಳುವುದು ರೂಢಿ: ಸ್ಫೋಟಕಗಳನ್ನು ಹುಡುಕಿ ತೆಗೆಯುವುದು, ಅಪಾಯದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವುದು, ಗಾಯಗೊಂಡವರಿಗೆ ನೆರವಾಗುವುದು, ದಾಸ್ತಾನನ್ನು ನಾಶಪಡಿಸುವುದು, ನಿಷೇಧಕ್ಕಾಗಿ ದನಿಯೆತ್ತುವುದು. ಈ ಐದನ್ನು ಉರುಹೊಡೆಯುವುದು ಸುಲಭ. ಆದರೆ ಇವೆಲ್ಲವೂ ಕೊನೆಗೆ ಒಂದು ಜಮೀನಿನ ಮೇಲೆ ಒಬ್ಬ ರೈತ ಕಾಲಿಡಬಹುದೋ ಇಲ್ಲವೋ ಎಂಬ ತೀರ್ಮಾನಕ್ಕೆ ಬಂದು ನಿಲ್ಲುತ್ತವೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

‘ಮಾನವೀಯ’ ಎಂಬ ವಿಶೇಷಣ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ದಾಳಿಯ ವೇಳೆ ಸೇನೆಯ ಎಂಜಿನಿಯರುಗಳು ಶತ್ರು ನೆಲಬಾಂಬು ಹೂತಿಟ್ಟ ಮೈನ್‌ಫೀಲ್ಡ್ ನಡುವೆ ದಾರಿಯೊಂದನ್ನು ಬಿಡಿಸುತ್ತಾರೆ. ಟ್ಯಾಂಕುಗಳು ದಾಟಿದರೆ ಅವರ ಕೆಲಸ ಆಯಿತು, ದಾರಿಯ ಎಡಬಲದಲ್ಲಿ ಉಳಿದದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ, ಒಂದಿಷ್ಟು ಅಪಾಯವನ್ನೂ ಅವರು ಒಪ್ಪಿಕೊಂಡಿರುತ್ತಾರೆ. ಮಾನವೀಯ ಕಾರ್ಯದಲ್ಲಿ ಈ ರಿಯಾಯಿತಿ ಇಲ್ಲ. ಗುರುತಿಸಿದ ಇಡೀ ಜಾಗವನ್ನು ನಿಗದಿತ ಆಳದವರೆಗೆ ಶೋಧಿಸಲೇಬೇಕು, ಏಕೆಂದರೆ ಅಲ್ಲಿ ನಾಳೆ ಓಡಾಡುವವರು ಕುರಿ ಕಾಯುವ ಮಕ್ಕಳು. ಸೋವಿಯತ್ ಸೇನೆ ಅಫ್ಘಾನಿಸ್ತಾನದಿಂದ ಹೊರಡತೊಡಗಿದ 1988ರಲ್ಲಿ ವಿಶ್ವಸಂಸ್ಥೆ ಈ ಬಗೆಯ ಕೆಲಸಕ್ಕೆ ಹಣದ ನೆರವು ಕೋರಿತು. ಅದೇ ವರ್ಷ ಕಾಬೂಲಿನಲ್ಲಿ ನೆಲಬಾಂಬು ತೆಗೆಯುವ ಹೇಲೋ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. ನೆಲಬಾಂಬು ನಿಷೇಧದ ಚಳವಳಿಗೂ ಅದರ ನೇತೃತ್ವ ವಹಿಸಿದ್ದ ಜೋಡಿ ವಿಲಿಯಮ್ಸ್ ಅವರಿಗೂ 1997ರ ನೊಬೆಲ್ ಶಾಂತಿ ಪುರಸ್ಕಾರ ಬಂತು, ಆ ಡಿಸೆಂಬರ್‌ನಲ್ಲಿಯೇ ಒಟ್ಟಾವಾದಲ್ಲಿ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು, 1999ರ ಮಾರ್ಚ್ 1ರಂದು ಅದು ಜಾರಿಗೆ ಬಂತು. ಭಾರತ ಈ ಒಪ್ಪಂದದ ಸದಸ್ಯ ರಾಷ್ಟ್ರವಲ್ಲ.

ನೆಲ ಶುದ್ಧವಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಲಸಗಾರನಿಗೆ ಸುಮಾರು ಒಂದು ಮೀಟರ್ ಅಗಲದ ಪಟ್ಟಿಯೊಂದನ್ನು ಒಪ್ಪಿಸಲಾಗುತ್ತದೆ. ಮುಖಕ್ಕೆ ಪಾರದರ್ಶಕ ಕವಚ, ಎದೆಗೆ ಸ್ಫೋಟದ ಚೂರುಗಳನ್ನು ತಡೆಯುವ ಏಪ್ರನ್ ತೊಟ್ಟ ಆತ ಅಥವಾ ಆಕೆ ಮೊದಲು ಎಳೆತಂತಿ (ತಾಗಿದರೆ ಬಾಂಬನ್ನು ಸಿಡಿಸುವ ತಂತಿ) ಇದೆಯೇ ಎಂದು ತಡವಿ, ಹುಲ್ಲನ್ನು ಅಂಗುಲ ಅಂಗುಲವಾಗಿ ಕತ್ತರಿಸಿ, ಆಮೇಲೆ ಲೋಹಶೋಧಕವನ್ನು ಆಡಿಸುತ್ತಾರೆ. ಅದು ಸದ್ದು ಮಾಡಿದ ಕಡೆಯಲ್ಲಿ ಗುರುತಿಟ್ಟು, ಮೇಲಿನಿಂದ ಅಗೆಯದೆ, ಸ್ವಲ್ಪ ಹಿಂದಿನಿಂದ ಓರೆಯಾಗಿ ಮಣ್ಣನ್ನು ಕೆರೆಯುತ್ತಾ ವಸ್ತುವಿನ ಪಕ್ಕೆಯನ್ನು ಮುಟ್ಟುತ್ತಾರೆ, ಏಕೆಂದರೆ ಕಾಲಿಗೆ ಸಿಡಿಯುವ ಬಾಂಬಿನ ಒತ್ತುತಟ್ಟೆ ಇರುವುದು ನೆತ್ತಿಯ ಮೇಲೆ. ಬಹುಪಾಲು ಸಲ ಸಿಗುವುದು ಮೊಳೆ, ಡಬ್ಬದ ಮುಚ್ಚಳ, ತೋಟಾದ ಚಿಪ್ಪು. ಆದರೂ ಪ್ರತಿಯೊಂದು ಸದ್ದನ್ನೂ ಬಾಂಬೆಂದೇ ಭಾವಿಸಿ ಅಗೆಯಬೇಕು. ಸಿಕ್ಕಿದ್ದು ನಿಜವಾದ ಬಾಂಬಾದರೆ ಸಾಮಾನ್ಯವಾಗಿ ಅದನ್ನು ಎತ್ತದೆ ಅಲ್ಲಿಯೇ ಸಿಡಿಸುತ್ತಾರೆ.

ಮಣ್ಣು, ಗಿಡಗಂಟಿ ಮತ್ತು ಲೋಹದ ಕಸವನ್ನು ಅನುಸರಿಸಿ ಒಬ್ಬರು ದಿನಕ್ಕೆ ಸುಮಾರು 10ರಿಂದ 50 ಚದರ ಮೀಟರ್ ಮುಗಿಸಬಹುದು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಮಂಡ್ಯದ ರೈತರ ಅಳತೆಯಲ್ಲಿ ಹೇಳುವುದಾದರೆ, ಒಂದು ಎಕರೆ ಗದ್ದೆಗೆ ಒಬ್ಬರೇ ಇಳಿದರೆ ಕಡಿಮೆಯೆಂದರೂ 80 ದಿನ, ನೆಲ ಒರಟಾಗಿದ್ದರೆ ಒಂದು ವರ್ಷಕ್ಕೂ ಮಿಗಿಲು. ಲೋಹವನ್ನು ಬಿಟ್ಟು ಸ್ಫೋಟಕದ ವಾಸನೆಯನ್ನಷ್ಟೇ ಹಿಡಿಯುವಂತೆ ದೊಡ್ಡ ಆಫ್ರಿಕನ್ ಇಲಿಗಳನ್ನು ಟಾಂಜಾನಿಯಾದಲ್ಲಿ ಪಳಗಿಸುವ ಅಪೋಪೋ ಸಂಸ್ಥೆಯು, ಟೆನಿಸ್ ಅಂಕಣದಷ್ಟು, ಅಂದರೆ ಸುಮಾರು ಎರಡೂವರೆ ಗುಂಟೆ ಜಾಗವನ್ನು ಒಂದು ಇಲಿ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತದೆ ಎನ್ನುತ್ತದೆ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕವನ್ನೂ ಕೊಟ್ಟಿತು. ಸುದ್ದಿಗೆ ಇಲಿ ಒಳ್ಳೆಯ ವಸ್ತು. ಆದರೆ ಕೊನೆಗೆ ಮಣ್ಣು ಕೆರೆಯುವುದು ಮನುಷ್ಯನ ಕೈಯೇ.

ಕೆಲಸ ಇಷ್ಟು ನಿಧಾನವಾದ್ದರಿಂದಲೇ ಎಲ್ಲಿ ಅಗೆಯಬೇಕು ಎಂಬುದಕ್ಕಿಂತ ಎಲ್ಲಿ ಅಗೆಯಬೇಕಾಗಿಲ್ಲ ಎಂಬ ಪ್ರಶ್ನೆ ದೊಡ್ಡದು. ಹಿಂದೆ ಅನುಮಾನ ಬಂದ ಜಾಗವನ್ನೆಲ್ಲ ಅಗೆದು, ಒಂದೂ ಬಾಂಬ್ ಸಿಗದೆ ಹಣ ಮತ್ತು ವರ್ಷಗಳು ಕಳೆದುಹೋದ ಅನುಭವದಿಂದ ‘ಭೂ ಬಿಡುಗಡೆ’ ಎಂಬ ಪರಿಕಲ್ಪನೆ ಬೆಳೆದು, 2009ರಲ್ಲಿ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಸೇರಿತು. ಇದರ ಮೊದಲ ಹಂತದಲ್ಲಿ ಯಾರೂ ಮೈನ್‌ಫೀಲ್ಡಿಗೆ ಇಳಿಯುವುದಿಲ್ಲ. ಸರ್ವೆಯವರು ಊರೊಳಗೆ ಕುಳಿತು, ಸೇನೆಯ ಠಾಣೆ ಎಲ್ಲಿತ್ತು, ಯಾರ ಹಸು ಎಲ್ಲಿ ಸತ್ತಿತು, ಯಾವ ಹೊಲವನ್ನು ಎಷ್ಟು ವರ್ಷದಿಂದ ಉಳುತ್ತಿದ್ದಾರೆ ಎಂದು ಕೇಳಿ ನಕ್ಷೆ ಮಾಡುತ್ತಾರೆ. ಸೌದೆ ಮತ್ತು ನೀರಿನ ದಾರಿ ಗೊತ್ತಿರುವುದು ಹೆಂಗಸರಿಗೆ, ದನ ಮೇಯುವ ಜಾಗ ಗೊತ್ತಿರುವುದು ಮಕ್ಕಳಿಗೆ. ಆದ್ದರಿಂದ ಗಂಡಸರನ್ನಷ್ಟೇ ಕೇಳಿದ ಸರ್ವೆ ಅರ್ಧ ಸರ್ವೆ. ಪುರಾವೆ ಇಲ್ಲದ ಜಾಗವನ್ನು ಪಟ್ಟಿಯಿಂದ ಕೈಬಿಡುತ್ತಾರೆ, ಸಂಶಯ ಉಳಿದಲ್ಲಿ ಯಂತ್ರ ಅಥವಾ ನಾಯಿಗಳಿಂದ ತಾಂತ್ರಿಕ ಸರ್ವೆ ನಡೆಸಿ ವಿಸ್ತೀರ್ಣವನ್ನು ಕುಗ್ಗಿಸುತ್ತಾರೆ, ಖಚಿತವಾಗಿ ಬಾಂಬ್ ಇರುವ ಕಡೆ ಮಾತ್ರ ಇಂಚಿಂಚೂ ಅಗೆಯುತ್ತಾರೆ. ಆಮೇಲೆ ತಪಾಸಣೆಯಾಗಿ ಹಸ್ತಾಂತರ ಪತ್ರ ಸಿದ್ಧವಾಗುತ್ತದೆ. ನಮ್ಮಲ್ಲಿ ಪಹಣಿ ತಿದ್ದುಪಡಿಯಾದರೆ ಜಮೀನು ಕೈಗೆ ಬಂತೆಂದು ನಂಬುತ್ತಾರೆ. ಅಲ್ಲಿ ಮಾತ್ರ ಕಾಗದವೊಂದರಿಂದಲೇ ಜನಕ್ಕೆ ಧೈರ್ಯ ಬರುವುದಿಲ್ಲವಾದ್ದರಿಂದ, ಕೆಲವು ಕಡೆ ಶುದ್ಧ ಮಾಡಿದವರೇ ಊರವರ ಕಣ್ಣೆದುರು ಆ ನೆಲದ ಮೇಲೆ ಸಾಲಾಗಿ ನಡೆದು ತೋರಿಸುತ್ತಾರೆ.

ಇದಕ್ಕೆ ಬೆಂಬಲ ಎಂದರೆ ಏನು ಎಂಬುದನ್ನು ಶ್ರೀಲಂಕಾದ ಉತ್ತರ ಭಾಗದಲ್ಲಿ ನೋಡಬಹುದು. 2009ರಲ್ಲಿ ಯುದ್ಧ ಮುಗಿದ ಮೇಲೆ ಭಾರತ ಸರ್ಕಾರ ತನ್ನ ಖರ್ಚಿನಲ್ಲಿ ಏಳು ತಂಡಗಳನ್ನು ಕಳುಹಿಸಿತು. ಅಲ್ಲಿ ಎಲ್‌ಟಿಟಿಇ ಮರದ ಪೆಟ್ಟಿಗೆಯಲ್ಲಿ ತಯಾರಿಸಿದ್ದ ಬಾಂಬುಗಳಲ್ಲಿ ಲೋಹ ತೀರ ಕಡಿಮೆ ಇದ್ದುದರಿಂದ ಶೋಧ ಕಷ್ಟವಾಯಿತು. ಈ ಕೆಲಸಕ್ಕೆ ಸ್ಥಳೀಯ ಹೆಣ್ಣುಮಕ್ಕಳು, ಅವರಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ಹಲವರು, ಸೇರಿಕೊಂಡು ಸಂಬಳ ತಂದರು. 2017ರಲ್ಲಿ ಶ್ರೀಲಂಕಾ ನಿಷೇಧ ಒಪ್ಪಂದವನ್ನು ಸೇರಿತು. ಕಾಲು ಕಳೆದುಕೊಂಡವರಿಗೆ 1968ರಲ್ಲಿ ಜೈಪುರದಲ್ಲಿ ರೂಪುಗೊಂಡ ಕೃತಕ ಕಾಲು ಅಲ್ಲಿಯೂ ಅಫ್ಘಾನಿಸ್ತಾನದಲ್ಲಿಯೂ ಒದಗಿ ಬಂದಿದೆ. ಬರಿಗಾಲಲ್ಲಿ ಕೆಸರಿಗೆ ಇಳಿಯಲು, ಚಕ್ಕಂಬಕ್ಕಲು ಹಾಕಿ ಕೂರಲು ಅದರಲ್ಲಿ ಆಗುವುದು ಭತ್ತದ ನಾಡಿನವರಿಗೆ ಸಣ್ಣ ಅನುಕೂಲವಲ್ಲ.

ಬೆಂಬಲದ ದೌರ್ಬಲ್ಯ ಇರುವುದು ಅದರ ಅವಧಿಯಲ್ಲಿ. ದಾನಿಗಳ ಯೋಜನೆ ಒಂದೆರಡು ವರ್ಷದ್ದು, ನೆಲದ ಕೆಲಸ ದಶಕಗಳದ್ದು. ಈ ಕ್ಷೇತ್ರದ ಅತಿ ದೊಡ್ಡ ದಾನಿಯಾದ ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದಾಗ ಹಲವು ದೇಶಗಳಲ್ಲಿ ಕೆಲಸ ಅರ್ಧಕ್ಕೆ ನಿಂತಿತು. ಅದೇ ವರ್ಷ ಬಾಲ್ಟಿಕ್‌ನ ಮೂರು ರಾಷ್ಟ್ರಗಳು, ಫಿನ್ಲೆಂಡ್ ಮತ್ತು ಪೋಲೆಂಡ್ ರಷ್ಯಾದ ಭಯದಿಂದ ಒಪ್ಪಂದವನ್ನೇ ಬಿಡುವ ನಿರ್ಧಾರ ಮಾಡಿದವು. ಹಣ ಕೊಡುವವರು ಎಷ್ಟು ಬಾಂಬ್ ತೆಗೆದಿರಿ ಎಂದು ಕೇಳುವ ಅಭ್ಯಾಸವೂ ಅಷ್ಟು ಒಳ್ಳೆಯದಲ್ಲ ಎಂದು ನನಗನ್ನಿಸುತ್ತದೆ. ಒಂದೇ ಬಾಂಬಿನ ಅನುಮಾನಕ್ಕೆ ಇಡೀ ನಾಲೆ ಬಯಲು ಪಾಳು ಬೀಳಬಹುದು. ಆ ಒಂದನ್ನು ತೆಗೆದದ್ದು, ಅಥವಾ ಅದು ಇಲ್ಲವೆಂದು ಸಾಬೀತು ಮಾಡಿದ್ದು, ಯಾರೂ ಸುಳಿಯದ ಗುಡ್ಡದ ಮೇಲಿನ ನೂರನ್ನು ತೆಗೆದದ್ದಕ್ಕಿಂತ ಹೆಚ್ಚಿನ ಕೆಲಸ.

ಕೊನೆಯದಾಗಿ ‘ಉಳಿಕೆ ಅಪಾಯ’ ಎಂಬ ಜೊತೆಪದವನ್ನೂ ತಿಳಿದಿರಬೇಕು. 2015ರಲ್ಲಿ ಮೊಜಾಂಬಿಕ್ ತನ್ನಲ್ಲಿ ಗೊತ್ತಿರುವ ಮೈನ್‌ಫೀಲ್ಡುಗಳೆಲ್ಲ ಮುಗಿದವೆಂದು ಘೋಷಿಸಿತು. ಹಾಗೆ ಘೋಷಿಸಿದ ದೇಶದಲ್ಲಿಯೂ ಪಾಯ ತೋಡುವಾಗಲೋ ಹೊಸ ನೆಲ ಉಳುವಾಗಲೋ ಬಿಡಿ ಸ್ಫೋಟಕಗಳು ಮೇಲೆ ಬರಬಹುದು. ಬೆಲ್ಜಿಯಂ ಮತ್ತು ಫ್ರಾನ್ಸ್‌ನ ಹೊಲಗಳಲ್ಲಿ ಮೊದಲನೇ ಮಹಾಯುದ್ಧದ ಶೆಲ್ಲುಗಳು ಪ್ರತಿ ವರ್ಷ ನೇಗಿಲಿಗೆ ಸಿಗುತ್ತಲೇ ಇವೆ. ಆದ್ದರಿಂದ ವಿದೇಶಿ ತಂಡಗಳು ಹೊರಡುವ ಮೊದಲು, ಕರೆ ಬಂದಾಗ ಹೋಗಿ ನೋಡುವ ಸ್ಥಳೀಯ ಪೊಲೀಸ್ ಅಥವಾ ಸೇನಾ ಘಟಕವೊಂದನ್ನು ತರಬೇತುಗೊಳಿಸಿ, ನಕ್ಷೆ ಮತ್ತು ದಾಖಲೆಗಳನ್ನು ಅದಕ್ಕೆ ಒಪ್ಪಿಸಿ ಹೋಗುವುದೂ ಮೈನ್ ಆ್ಯಕ್ಷನ್ ಎಂಬ ಪದದ ಅರ್ಥದೊಳಗೆ ಸೇರಿದೆ.