ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಅಂಗವೈಕಲ್ಯದ ಪಾಠ: ಮಕ್ಕಳ ನ್ಯಾಯಪ್ರಜ್ಞೆಯಿಂದ ಆರಂಭಿಸೋಣ

ಆರು, ಏಳನೆಯ ತರಗತಿಯ ಮಕ್ಕಳ ಮುಂದೆ ಅಂಗವೈಕಲ್ಯದ ವಿಷಯ ಎತ್ತಿದಾಗ ಒಂದು ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಎದುರಾಗುತ್ತದೆ: "ಪರೀಕ್ಷೆಯಲ್ಲಿ ಅವನೊಬ್ಬನಿಗೆ ಯಾಕೆ ಹೆಚ್ಚು ಹೊತ್ತು ಕೊಡುತ್ತೀರಿ?" ಇದನ್ನು ಹೊಟ್ಟೆಕಿಚ್ಚೆಂದು ತಿಳಿದು ಗದರಿಸಿ ಕೂರಿಸುವ ಶಿಕ್ಷಕರಿದ್ದಾರೆ. ಅಂಗವಿಕಲ ಮಕ್ಕಳು ಇತರರೊಂದಿಗೇ ಕಲಿಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿ ಶಾಲೆಯಿಂದ ಶಾಲೆಗೆ ಓಡಾಡಿದ ಅನುಭವದಲ್ಲಿ ಹೇಳುವುದಾದರೆ, ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ನನಗೆ ಕಂಡಿಲ್ಲ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಆಟದ ನಿಯಮದಿಂದ ಹಿಡಿದು ಬಿಸಿಯೂಟದ ಸಾಲಿನವರೆಗೆ ಎಲ್ಲದರಲ್ಲೂ ಯಾರಿಗೆ ಹೆಚ್ಚು ಸಿಕ್ಕಿತು, ಯಾರಿಗೆ ಕಡಿಮೆಯಾಯಿತು ಎಂದು ಮಕ್ಕಳು ತೀಕ್ಷ್ಣವಾಗಿ ಗಮನಿಸುತ್ತಾರೆ. ಕನಿಕರ ತೋರಿಸಿ ಎಂದು ಉಪದೇಶಿಸಿದರೆ ತಲೆಯಾಡಿಸಿ ಮರೆತುಬಿಡುವ ಈ ಮಕ್ಕಳು, ನ್ಯಾಯ ಯಾವುದು ಎಂದು ಕೇಳಿದರೆ ಗಂಟೆಗಟ್ಟಲೆ ವಾದಿಸಲು ಸಿದ್ಧರಿರುತ್ತಾರೆ.

ಆದ್ದರಿಂದ ನಾನು ಪ್ರಶ್ನೆಯನ್ನು ತರಗತಿಗೇ ಮರಳಿಸುತ್ತೇನೆ. ಕನ್ನಡಕ ಹಾಕುವ ಸಹಪಾಠಿಗೆ ಅದನ್ನು ತೆಗೆದಿಟ್ಟು ಪರೀಕ್ಷೆ ಬರೆಯಲು ಹೇಳಿದರೆ ಅದು ನ್ಯಾಯವೇ ಎಂದು ಕೇಳಿದಾಗ, ಇಲ್ಲ ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ವಿಜ್ಞಾನದ ಪ್ರಶ್ನೆಪತ್ರಿಕೆ ಅಳೆಯಬೇಕಾದದ್ದು ವಿಜ್ಞಾನದ ತಿಳಿವಳಿಕೆಯನ್ನೋ, ಓದುವ ವೇಗವನ್ನೋ ಎಂದು ಮುಂದುವರಿಸುತ್ತೇನೆ. ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿದ್ದೂ, ಅಕ್ಷರಗಳನ್ನು ಗುರುತಿಸಿ ಜೋಡಿಸುವುದರಲ್ಲೇ ಸಮಯ ಮುಗಿದುಹೋದರೆ, ಅವನಿಗೆ ಬಂದ ಅಂಕ ಅವನ ವಿಜ್ಞಾನದ ಅಂಕವಾಗಿರುವುದಿಲ್ಲ. ಇಷ್ಟು ಚರ್ಚೆಯಾದ ಮೇಲೆ ಕಾನೂನಿನ ಮಾತು ಹೇಳಿದರೆ ಅದು ಅವರಿಗೆ ಒಣ ಮಾಹಿತಿಯಾಗಿ ಕಾಣುವುದಿಲ್ಲ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ), ಆಟಿಸಂ, ರಕ್ತದ ಕಾಯಿಲೆಯಾದ ಥಲಸ್ಸೇಮಿಯಾಗಳಂಥ ಕಣ್ಣಿಗೆ ಕಾಣದ ಸ್ಥಿತಿಗಳನ್ನೂ ಸೇರಿಸಿತು. ತಮ್ಮ ನಡುವೆಯೇ ಅಂಥವರು ಇರಬಹುದೆಂಬ ಅರಿವು ಮಕ್ಕಳಲ್ಲಿ ಮೂಡುವುದು ಇಲ್ಲಿಯೇ. ಅಂಗವಿಕಲರ ಹಕ್ಕುಗಳು ಶಾಲಾ ಪಠ್ಯಕ್ರಮದ ಭಾಗವಾಗಬೇಕೆಂದು ಇದೇ ಕಾಯ್ದೆಯ 39ನೆಯ ಸೆಕ್ಷನ್ ಹೇಳುತ್ತದೆ ಎಂಬುದನ್ನು ಶಿಕ್ಷಕರೂ ನೆನಪಿಡಬೇಕು.

ನಮ್ಮ ಶಾಲೆಗಳಲ್ಲಿ ಈ ವಿಷಯಕ್ಕೆ ಸಿಗುವ ಸ್ಥಳ ಬಹುತೇಕ ಡಿಸೆಂಬರ್ 3ರ ಅಂತರರಾಷ್ಟ್ರೀಯ ಅಂಗವಿಕಲರ ದಿನಕ್ಕೆ ಸೀಮಿತವಾಗಿದೆ. ವಿಶ್ವಸಂಸ್ಥೆ 1992ರಿಂದ ಆಚರಿಸುತ್ತ ಬಂದಿರುವ ಆ ದಿನ ಭಾಷಣ, ಚಿತ್ರಕಲಾ ಸ್ಪರ್ಧೆ, ಅಂಗವಿಕಲ ಮಕ್ಕಳನ್ನು ವೇದಿಕೆಗೆ ಕರೆದು ಹಣ್ಣು ಹಂಚುವುದು ಎಲ್ಲವೂ ನಡೆಯುತ್ತವೆ. ವೇದಿಕೆಯ ಮೇಲೆ ನಿಂತ ಮಗುವಿಗೆ ಆ ಹೊತ್ತು ಹೇಗಿರುತ್ತದೆ ಎಂದು ಸಂಘಟಕರು ಯೋಚಿಸುವುದು ಅಪರೂಪ. ಸಹಪಾಠಿಗಳಂತೆಯೇ ಇರಬೇಕೆಂದು ಅತ್ಯಂತ ತೀವ್ರವಾಗಿ ಬಯಸುವ ವಯಸ್ಸಿನಲ್ಲಿ ಅವರೆಲ್ಲರ ಎದುರು ಬೇರೆಯಾಗಿ ನಿಲ್ಲಿಸುವುದು ಆ ಮಗುವಿಗೆ ನಾವೇ ಮಾಡುವ ನೋವು.

ಅದೇ ದಿನ ಮಾಡಿಸುವ ಇನ್ನೊಂದು ಚಟುವಟಿಕೆಯ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ, ಅಂಧರ ಬದುಕು ಹೀಗಿರುತ್ತದೆ ಎಂದು ಹೇಳುವ ಆಟ ಅದು. ಸ್ವತಃ ಅಂಧರಾದ ಮನಃಶಾಸ್ತ್ರಜ್ಞೆ ಏರಿಯಲ್ ಸಿಲ್ವರ್‌ಮನ್ ತಮ್ಮ ಸಹೋದ್ಯೋಗಿಗಳೊಂದಿಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ಅನುಕರಣೆಯ ನಂತರ ಜನರು ಅಂಧರ ಸಾಮರ್ಥ್ಯವನ್ನು ಇನ್ನಷ್ಟು ಕಡಿಮೆ ಅಂದಾಜಿಸುತ್ತಾರೆ ಎಂದು ತೋರಿಸಿತು. ಕಾರಣ ಊಹಿಸಲು ಕಷ್ಟವಿಲ್ಲ. ಬಟ್ಟೆ ಕಟ್ಟಿಕೊಂಡ ಮಗು ದೃಷ್ಟಿ ಕಳೆದುಕೊಂಡ ಮೊದಲ ಐದು ನಿಮಿಷದ ದಿಗಿಲನ್ನು ಮಾತ್ರ ಅನುಭವಿಸುತ್ತದೆ. ವರ್ಷಗಳ ಅಭ್ಯಾಸದಿಂದ ಬಂದ ಕೌಶಲ ಅದಕ್ಕೆ ತಿಳಿಯುವುದೇ ಇಲ್ಲ.

ಅದರ ಬದಲು ಆ ಕೌಶಲವನ್ನೇ ಪಾಠವಾಗಿಸಬಹುದು. ಬಿಳಿಕೋಲು ಬಳಸುವವರು ಬಲಗಾಲು ಮುಂದಿಡುವಾಗ ಕೋಲಿನ ತುದಿಯನ್ನು ಎಡಕ್ಕೆ, ಎಡಗಾಲು ಮುಂದಿಡುವಾಗ ಬಲಕ್ಕೆ ತಾಗಿಸುತ್ತಾರೆ, ಏಕೆಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಪರೀಕ್ಷಿಸಿರಬೇಕು. ಇದನ್ನು ಕೇಳಿದ ಮಕ್ಕಳ ಮುಖದಲ್ಲಿ ಅಯ್ಯೋ ಎಂಬ ಭಾವದ ಬದಲು ಹೌದಲ್ಲ ಎಂಬ ಮೆಚ್ಚುಗೆ ಕಾಣುತ್ತದೆ. ಬ್ರೈಲ್ ಇನ್ನೂ ಒಳ್ಳೆಯ ಸಾಮಗ್ರಿ. ಅದರ ಒಂದೊಂದು ಮನೆಯಲ್ಲಿರುವ ಆರು ಚುಕ್ಕಿಗಳಲ್ಲಿ ಪ್ರತಿಯೊಂದೂ ಉಬ್ಬಿರಬಹುದು ಅಥವಾ ಉಬ್ಬದಿರಬಹುದು ಎಂದಾದರೆ ಒಟ್ಟು ಎಷ್ಟು ವಿನ್ಯಾಸಗಳು ಸಾಧ್ಯ ಎಂದು ಕೇಳಿದರೆ, ಘಾತಾಂಕ ಕಲಿತ ಮಕ್ಕಳು 64 ಎಂದು ಲೆಕ್ಕ ಹಾಕಿ, ಖಾಲಿ ಮನೆಯನ್ನು ಬಿಟ್ಟರೆ 63 ಎಂದು ತಾವೇ ತಿದ್ದುತ್ತಾರೆ. ಕನ್ನಡ ಬರೆಯುವ ಭಾರತಿ ಬ್ರೈಲ್‌ನಲ್ಲಿ ಅ ಸ್ವರವಿರುವ ವ್ಯಂಜನಕ್ಕೆ ಸ್ವರಚಿಹ್ನೆ ಬೇಕಿಲ್ಲವಾದ್ದರಿಂದ 'ಕಮಲ' ಎಂಬ ಪದಕ್ಕೆ ಮೂರೇ ಮನೆಗಳು ಸಾಕು. ತಮ್ಮ ಹೆಸರನ್ನು ಬ್ರೈಲ್‌ನಲ್ಲಿ ಬರೆದ ಮಗು ಬ್ರೈಲನ್ನು ಕೊರತೆಯ ಗುರುತಾಗಿ ನೋಡದೆ ಒಂದು ಲಿಪಿಯಾಗಿ ನೋಡತೊಡಗುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಇಳಿಜಾರಿನ ಅಳತೆಯ ಚಟುವಟಿಕೆಯನ್ನು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಕನಿಷ್ಠ ಹನ್ನೆರಡು ಸೆಂಟಿಮೀಟರ್ ಉದ್ದ ಬೇಕು ಎಂಬುದು ಒಪ್ಪಿತ ಮಾನದಂಡ. ಅನುಪಾತದ ಪಾಠ ಮುಗಿದ ವಾರ ಮಕ್ಕಳಿಗೆ ಅಳತೆಪಟ್ಟಿ ಕೊಟ್ಟು ಶಾಲೆಯ ಜಗಲಿಯ ಬಳಿಗೆ ಕಳುಹಿಸಬೇಕು. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದರೆ ಎತ್ತರ 45 ಸೆಂಟಿಮೀಟರ್. ಬೇಕಾದ ಇಳಿಜಾರು ಐದು ಮೀಟರ್ 40 ಸೆಂಟಿಮೀಟರ್. ಅಲ್ಲಿ ಕಟ್ಟಿರುವುದು ಎರಡೇ ಮೀಟರ್ ಎಂದು ಗೊತ್ತಾದಾಗ, ಇಳಿಜಾರು ಇದೆ ಎಂದು ದಾಖಲೆಯಲ್ಲಿ ಬರೆದಿರುವುದಕ್ಕೂ ಗಾಲಿಕುರ್ಚಿಯಲ್ಲಿರುವ ವಿದ್ಯಾರ್ಥಿನಿ ಅದನ್ನು ತಾನೇ ಹತ್ತಬಲ್ಲಳು ಎನ್ನುವುದಕ್ಕೂ ಇರುವ ಅಂತರ ಮಕ್ಕಳಿಗೆ ಲೆಕ್ಕದ ಮೂಲಕವೇ ಮನದಟ್ಟಾಗುತ್ತದೆ. ಅಲ್ಲಿಂದ ಅವರ ಕಣ್ಣು ತಾನಾಗಿ ಶೌಚಾಲಯದ ಬಾಗಿಲಿನ ಅಗಲದ ಕಡೆಗೆ, ನಲ್ಲಿಯ ಎತ್ತರದ ಕಡೆಗೆ, ಶ್ರವಣಸಾಧನ ಧರಿಸಿದ ಮಗುವಿಗೆ ಮಾತು ಕೇಳಗೊಡದ ತರಗತಿಯ ಗದ್ದಲದ ಕಡೆಗೆ ಹೊರಳುತ್ತದೆ. ಅಳತೆಗಳನ್ನೆಲ್ಲ ಬರೆದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಮನವಿ ಸಲ್ಲಿಸಿದರೆ ಅದೇ ಅವರ ಪೌರನೀತಿಯ ಪಾಠವೂ ಆಗುತ್ತದೆ. ತೊಂದರೆ ಮಗುವಿನ ಕಾಲಿನಲ್ಲಷ್ಟೇ ಇಲ್ಲ, ನಾವು ಕಟ್ಟಿದ ಜಗಲಿಯಲ್ಲೂ ಇದೆ ಎಂಬುದನ್ನು ನಾನು ಬಾಯಲ್ಲಿ ಹೇಳಬೇಕಾಗಿ ಬಂದದ್ದು ಕಡಿಮೆ.

ಸಾಧಕರ ಕಥೆಗಳನ್ನು ಹೇಳಲೇಬೇಕು, ಆದರೆ ಕ್ರೀಡೆಯನ್ನು ಕ್ರೀಡೆಯಾಗಿಯೇ ಹೇಳಬೇಕು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಅದೇ ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್‌ಗಳಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಪಡೆದರು. ಅವರ ತಂತ್ರ, ತರಬೇತಿ, ಸ್ಪರ್ಧೆಯ ವರ್ಗೀಕರಣ ಹೇಗೆ ನಡೆಯುತ್ತದೆ ಎಂಬುದು ಮಕ್ಕಳಿಗೆ ರುಚಿಸುವ ವಿಷಯ. ಅವರನ್ನು ತೋರಿಸಿ ಎಲ್ಲ ಅಂಗವಿಕಲ ಮಕ್ಕಳಿಂದಲೂ ಪದಕ ನಿರೀಕ್ಷಿಸುವಂತೆ ಮಾತನಾಡಬಾರದು. ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಂಧ ನೌಕರರನ್ನೋ, ಹೊಲಿಗೆ ಅಂಗಡಿ ನಡೆಸುವ ಕಿವುಡ ಮಹಿಳೆಯನ್ನೋ ಕರೆಸಿ, ಅವರ ಕೆಲಸದ ಬಗ್ಗೆಯೇ ಮಾತನಾಡಿಸಿದರೆ ಇನ್ನೂ ಹೆಚ್ಚು ಪ್ರಯೋಜನ.

ಈ ವಯಸ್ಸಿನ ಮಕ್ಕಳು ಕಾರಣವನ್ನೂ ಕೇಳುತ್ತಾರೆ. ಪೂರ್ವಜನ್ಮದ ಪಾಪ, ಗ್ರಹಣ ನೋಡಿದ್ದರ ಫಲ ಎಂಬ ಮಾತುಗಳನ್ನು ಮನೆಯಲ್ಲಿ ಕೇಳಿ ಬಂದವರಿಗೆ ವಂಶವಾಹಿ, ಸೋಂಕು, ಅಪಘಾತ, ಹೆರಿಗೆಯ ಸಮಯದ ತೊಡಕುಗಳನ್ನು ವಿಜ್ಞಾನದ ಭಾಷೆಯಲ್ಲೇ ವಿವರಿಸಬೇಕು. ಗರ್ಭಿಣಿಗೆ ತಗಲುವ ರುಬೆಲ್ಲಾದಿಂದ ಮಗುವಿಗೆ ಕಿವುಡುತನ ಬರಬಹುದು, ಲಸಿಕೆಯಿಂದ ಅದನ್ನು ತಡೆಯಬಹುದು ಎಂದು ಹೇಳುವಾಗ ಒಂದು ಎಚ್ಚರ ಅಗತ್ಯ: ಅದೇ ಕೊಠಡಿಯಲ್ಲಿ ಕುಳಿತ ಕಿವುಡ ಮಗುವಿಗೆ ತಾನು ಹುಟ್ಟಬಾರದಿತ್ತು ಎಂದು ಹೇಳಿದಂತೆ ಕೇಳಿಸಬಾರದು. ರೋಗ ತಡೆಯುವ ಪಾಠವನ್ನೂ ಜೊತೆಗೆ ಬಾಳುವ ಪಾಠವನ್ನೂ ಬೇರೆ ಬೇರೆ ದಿನಗಳಲ್ಲಿ ಮಾಡುವುದನ್ನು ನಾನು ಶಿಫಾರಸು ಮಾಡುತ್ತೇನೆ.

ತರಗತಿಯಲ್ಲಿ ಅಂಗವಿಕಲ ಮಗು ಇದ್ದಾಗ ಮಗುವಿನ ಮತ್ತು ಪೋಷಕರ ಒಪ್ಪಿಗೆಯಿಲ್ಲದೆ ಅದರ ಸ್ಥಿತಿಯನ್ನು ಉದಾಹರಣೆಯಾಗಿ ಎತ್ತಬಾರದು. ಏನು ಹೇಳಬೇಕು, ಯಾರು ಹೇಳಬೇಕು ಎಂದು ಆ ಮಗುವನ್ನೇ ಕೇಳಿದರೆ ಅದರ ಬಳಿ ಸ್ಪಷ್ಟ ಅಭಿಪ್ರಾಯವಿರುತ್ತದೆ. ಜಾಣೆಯಾದ ಒಬ್ಬ ಹುಡುಗಿಯನ್ನು ವರ್ಷವಿಡೀ ಸಹಾಯಕಿಯಾಗಿ ನೇಮಿಸುವ ರೂಢಿಯೂ ಸರಿಯಲ್ಲ. ಅದರಿಂದ ಗೆಳೆತನದ ಜಾಗದಲ್ಲಿ ಯಜಮಾನಿಕೆ ಬೆಳೆಯುತ್ತದೆ. ಸಹಾಯ ಬೇಕೇ ಎಂದು ಕೇಳಿಯೇ ಗಾಲಿಕುರ್ಚಿಗೆ ಕೈ ಹಾಕಬೇಕು, ಜೊತೆಗಾರರು ಸರದಿಯಂತೆ ಬದಲಾಗಬೇಕು, ಆ ಮಗುವೂ ಇತರರಿಗೆ ಏನನ್ನಾದರೂ ಕಲಿಸುವ ಸಂದರ್ಭ ಬರಬೇಕು. ಬೌದ್ಧಿಕ ಅಂಗವೈಕಲ್ಯವಿರುವ ಮಗುವಿನ ವಿಷಯದಲ್ಲಿ ಇದು ಎಲ್ಲಕ್ಕಿಂತ ಕಷ್ಟ. ಗುಂಪು ಚಟುವಟಿಕೆಯಲ್ಲಿ ಅದಕ್ಕೆ ಬಣ್ಣ ತುಂಬುವ ಕೆಲಸ ಕೊಟ್ಟು ಸುಮ್ಮನಾಗುವುದು ಸುಲಭ. ಆ ಮಗು ಮಾಡದೆ ಗುಂಪಿನ ಕೆಲಸ ಪೂರ್ಣವಾಗದಂಥ ಭಾಗವೊಂದನ್ನು ಹುಡುಕಿ ಕೊಡಲು ಶಿಕ್ಷಕರು ಹಿಂದಿನ ದಿನವೇ ಕುಳಿತು ಯೋಚಿಸಬೇಕಾಗುತ್ತದೆ. ಲಗೋರಿಯ ನಿಯಮಗಳನ್ನು ಎಲ್ಲರೂ ಆಡುವಂತೆ ಹೇಗೆ ಬದಲಿಸುವಿರಿ ಎಂದು ಕೇಳಿದರೆ ಮಕ್ಕಳು ನಮಗಿಂತ ಚುರುಕಾಗಿ ಯೋಚಿಸುತ್ತಾರೆ.

ಪಾಠ ಫಲಿಸಿದೆಯೇ ಎಂಬುದು ಪ್ರಬಂಧದ ಅಂಕಗಳಿಂದ ತಿಳಿಯುವುದಿಲ್ಲ. ಬಿಸಿಯೂಟದ ವೇಳೆ ಆ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ, ತಂಡ ಆರಿಸುವಾಗ ಅದರ ಹೆಸರು ಎಷ್ಟನೆಯದಾಗಿ ಬರುತ್ತದೆ, ಗೈರುಹಾಜರಾದ ದಿನ ಯಾರಾದರೂ ವಿಚಾರಿಸುತ್ತಾರೆಯೇ ಎಂಬುದನ್ನು ಶಿಕ್ಷಕರು ತಿಂಗಳಿಗೊಮ್ಮೆ ಬರೆದಿಡಬೇಕು. ನಮ್ಮಲ್ಲಿ ಏಳನೆಯ ತರಗತಿ ಮುಗಿಸಿದ ಅನೇಕ ಮಕ್ಕಳು ಎಂಟಕ್ಕೆ ಬೇರೆ ಪ್ರೌಢಶಾಲೆಗೆ ಹೋಗುತ್ತಾರೆ. ಅಲ್ಲಿ ಕಟ್ಟಡ, ಶಿಕ್ಷಕರು, ಗೆಳೆಯರು ಎಲ್ಲವೂ ಹೊಸತು. ಆದ್ದರಿಂದ ಪೋಷಕರ ಒಪ್ಪಿಗೆ ಪಡೆದು ಈ ಟಿಪ್ಪಣಿಯನ್ನೂ, ಮಗುವಿಗೆ ಒಗ್ಗಿದ ವ್ಯವಸ್ಥೆಗಳ ವಿವರವನ್ನೂ ವರ್ಗಾವಣೆ ಪತ್ರದೊಂದಿಗೆ ಕಳುಹಿಸಬೇಕು. ಸಾಧ್ಯವಾದರೆ ಏಪ್ರಿಲ್‌ನಲ್ಲೇ ಆ ಮಗುವನ್ನೂ ಅದರ ಇಬ್ಬರು ಗೆಳೆಯರನ್ನೂ ಹೊಸ ಶಾಲೆಗೆ ಒಮ್ಮೆ ಕರೆದೊಯ್ದು, ಅಲ್ಲಿನ ಮೆಟ್ಟಿಲು, ಇಳಿಜಾರು, ಶೌಚಾಲಯಗಳನ್ನು ಅವರಿಂದಲೇ ಅಳತೆ ಮಾಡಿಸಬೇಕು.