ಒಳಬಾಗಿಲು ತೆರೆದಿದೆ, ಹೆಬ್ಬಾಗಿಲು?

ಚಿತ್ರದುರ್ಗದಲ್ಲಿ ನನ್ನ ಸೋದರಮಾವನ ಶೇಂಗಾ ಗೋದಾಮಿದೆ. ಅಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಅವುಗಳ ತಂತಿಗಳೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ, ಚಿತ್ರ ದಾಖಲಿಸಿಡುವ ಕಪ್ಪು ಪೆಟ್ಟಿಗೆಯಾದ ಡಿವಿಆರ್‌ಗೆ ಬಂದು ಸೇರುತ್ತವೆ. ಗೋದಾಮಿನಲ್ಲೇ ಕುಳಿತರೆ ಚಿತ್ರ ಸ್ವಚ್ಛವಾಗಿ ಕಾಣುತ್ತದೆ. ದಾವಣಗೆರೆಯ ನನ್ನ ಮನೆಯಿಂದ ನೋಡಿದರೆ ಬರಿಯ ಬಿಳಿ ಪರದೆ. "ಕಂಪ್ಯೂಟರ್ ಓದಿದವನು ನೀನೇ, ಬಂದು ನೋಡಪ್ಪ" ಎಂದು ಮಾವ ಕರೆದಾಗ ಅರ್ಧ ಗಂಟೆಯ ಕೆಲಸವೆಂದುಕೊಂಡು ಬಸ್ ಹತ್ತಿದೆ. ಮೂರು ಭಾನುವಾರ ಹಿಡಿಯಿತು.

ಮನೆಯ ಇಂಟರ್ನೆಟ್ ಎಂದರೆ ಹಳೆಯ ವಠಾರವಿದ್ದಂತೆ. ಬೀದಿಗೆ ಕಾಣುವ ಡೋರ್ ನಂಬರ್ ಒಂದೇ, ಒಳಗೆ ಹತ್ತು ಸಂಸಾರ. ಬಾಗಿಲಲ್ಲಿ ಕುಳಿತ ವಠಾರದ ಯಜಮಾನನೇ ರೂಟರ್. ಒಳಗಿನ ಮೊಬೈಲಿಗೆ ಅವನು 192.168.1.7 ಎಂದೋ, ಟಿವಿಗೆ 192.168.1.8 ಎಂದೋ ನಂಬರ್ ಹಂಚಿರುತ್ತಾನೆ. ಅವು ವಠಾರದ ಒಳಗೆ ಮಾತ್ರ ನಡೆಯುವ ನಂಬರುಗಳು. ನಿಮ್ಮ ಮನೆಯಲ್ಲೂ ಇರುತ್ತವೆ, ನನ್ನ ಮನೆಯಲ್ಲೂ. ಮೊಬೈಲ್ ಹೊರಗೆ ಒಂದು ಪತ್ರ ಕಳುಹಿಸಿದಾಗ ಯಜಮಾನ ಲಕೋಟೆಯ ಮೇಲಿನ ಒಳವಿಳಾಸವನ್ನು ಅಳಿಸಿ, ಬೀದಿಗೆ ಗೊತ್ತಿರುವ ವಿಳಾಸವನ್ನು ಬರೆದು, ಪಕ್ಕದಲ್ಲಿ ಒಂದು ಪೋರ್ಟ್ ಸಂಖ್ಯೆ ಹಾಕುತ್ತಾನೆ. ಜೊತೆಗೆ ತನ್ನ ಪುಸ್ತಕದಲ್ಲಿ ಒಂದು ಸಾಲು ಗೀಚಿಕೊಳ್ಳುತ್ತಾನೆ: "40112ಕ್ಕೆ ಉತ್ತರ ಬಂದರೆ 192.168.1.7ಕ್ಕೆ ಕೊಡಬೇಕು." ಪೋರ್ಟ್ ಸಂಖ್ಯೆಗಳು 0ಯಿಂದ 65535ರವರೆಗೆ ಇರುವುದರಿಂದ ಪುಸ್ತಕದಲ್ಲಿ ಜಾಗಕ್ಕೆ ಕೊರತೆಯಿಲ್ಲ. ಈ ಉಪಾಯದ ಹೆಸರು ನ್ಯಾಟ್. ಅದನ್ನು 1994ರಲ್ಲಿ ಬರೆದಿಟ್ಟಾಗ ವಿಳಾಸಗಳ ಅಭಾವಕ್ಕೆ ತಾತ್ಕಾಲಿಕ ಮದ್ದು ಎಂದೇ ಭಾವಿಸಿದ್ದರು. ಮೂವತ್ತು ವರ್ಷ ಕಳೆದರೂ ನಾವು ಅದೇ ಮದ್ದು ನುಂಗುತ್ತಿದ್ದೇವೆ.

ಹಾಗಾದರೆ ಯಾರೂ ಕೇಳದೆ ಹೊರಗಿನಿಂದ ಒಂದು ಪತ್ರ ಬಂದರೆ? ಪುಸ್ತಕದಲ್ಲಿ ಸಾಲಿಲ್ಲ, ಯಾರಿಗೆ ಕೊಡುವುದೆಂದು ಗೊತ್ತಿಲ್ಲ. ಯಜಮಾನ ಸದ್ದಿಲ್ಲದೆ ಅದನ್ನು ಬುಟ್ಟಿಗೆ ಹಾಕುತ್ತಾನೆ. ದಾವಣಗೆರೆಯಿಂದ ನಾನು ಡಿವಿಆರನ್ನು ಕೂಗಿದಾಗ ಆಗುತ್ತಿದ್ದದ್ದು ಇಷ್ಟೇ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಪುಸ್ತಕದಲ್ಲಿ ನಾವೇ ಕೈಯಾರೆ ಬರೆದಿಡುವ ಕಾಯಂ ಸಾಲು: ಈ ಪೋರ್ಟಿಗೆ ಯಾರೇ ಬಂದರೂ ಡಿವಿಆರ್ ಇರುವ ಕೋಣೆಗೆ ಕಳುಹಿಸು.

ಆ ಸಾಲನ್ನು ಕ್ಯಾಮೆರಾ ಹಾಕಿದ ಹುಡುಗ ಮೊದಲೇ ಬರೆದಿದ್ದ. ರೂಟರಿನ ಪುಟ ತೆರೆದು ನೋಡಿದರೆ ಅದು 192.168.1.5ರ ಕಡೆ ಕೈ ತೋರಿಸುತ್ತಿತ್ತು. ಡಿವಿಆರ್ ಈಗ ಇದ್ದದ್ದು 192.168.1.9ರಲ್ಲಿ. ಕರೆಂಟ್ ಹೋಗಿ ಬಂದಾಗ ಎಲ್ಲ ಉಪಕರಣಗಳೂ ಒಟ್ಟಿಗೆ ಎದ್ದು ನಂಬರ್ ಕೇಳುತ್ತವೆ; ರೂಟರ್ ಹಳೆಯದನ್ನೇ ಕೊಡಬೇಕೆಂದೇನೂ ಇಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಇಂಥ ಸಾಲಿಗೆ ಎಷ್ಟು ದಿನ ಆಯುಷ್ಯ? ಡಿವಿಆರಿನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಹಿಡಿದು ಅದಕ್ಕೆ 192.168.1.50 ಎಂಬ ನಂಬರನ್ನು ಕಾಯ್ದಿರಿಸಿದೆ, ಸಾಲನ್ನೂ ತಿದ್ದಿದೆ. ಗೆದ್ದೆನೆಂದುಕೊಂಡು ಊರಿಗೆ ಮರಳಿ ನೋಡಿದರೆ ಮತ್ತೆ ಬಿಳಿ ಪರದೆ.

ಎರಡನೆಯ ಭಾನುವಾರ ಪರೀಕ್ಷೆ ಮಾಡುವುದರಲ್ಲೇ ಎಡವಿದೆ. ಗೋದಾಮಿನ ವೈ-ಫೈನಲ್ಲೇ ಕುಳಿತು ಗೋದಾಮಿನ ಹೊರವಿಳಾಸವನ್ನು ಒತ್ತಿದೆ. ಒಳಗಿನವನು ಹೊರಗೆ ಹೋಗಿ ತನ್ನದೇ ಬಾಗಿಲು ತಟ್ಟುವ ಈ ಸುತ್ತುಹಾದಿಯನ್ನು ಎಷ್ಟೋ ರೂಟರುಗಳು ನಿಭಾಯಿಸುವುದಿಲ್ಲ. ಸರಿಯಾಗಿರುವುದೂ ಕೆಟ್ಟಂತೆ ಕಾಣುತ್ತದೆ. ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಮೊಬೈಲಿನ ವೈ-ಫೈ ಆರಿಸಿ, ಸಿಮ್‌ನ ಡೇಟಾದಲ್ಲಿ ನೋಡಿದರೆ ಸಾಕು.

ಹಾಗೆ ನೋಡುವಾಗ ಸೋಲು ಯಾವ ಬಗೆಯದು ಎಂಬುದನ್ನು ಗಮನಿಸಬೇಕು. ತಕ್ಷಣವೇ "ಸಂಪರ್ಕ ನಿರಾಕರಿಸಲಾಗಿದೆ" ಎಂದು ಬಂದರೆ ಅದು ಬಹುಪಾಲು ಒಳ್ಳೆಯ ಸುದ್ದಿ. ಪತ್ರ ಯಾವುದೋ ಯಂತ್ರವನ್ನು ಮುಟ್ಟಿದೆ, ಆ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತ ತಂತ್ರಾಂಶವಿಲ್ಲ, ಅಷ್ಟೇ. ಅರ್ಧ ನಿಮಿಷ ತಿರುಗಿ ತಿರುಗಿ "ಸಮಯ ಮೀರಿದೆ" ಎಂದು ಬಂದರೆ ಪತ್ರ ದಾರಿಯಲ್ಲೆಲ್ಲೋ ಬುಟ್ಟಿಗೆ ಬಿದ್ದಿದೆ. ಬೈದವನು ಮನೆಯಲ್ಲಿದ್ದಾನೆ, ಮೌನವಾಗಿರುವವನು ಎಲ್ಲಿದ್ದಾನೋ ಗೊತ್ತಿಲ್ಲ. ನನಗೆ ಬಂದದ್ದು ಮೌನ.

ಕೊನೆಗೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ: ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಂಡೆ. ಒಂದು, ನನ್ನ ವಿಳಾಸವೇನು ಎಂದು ಹೇಳುವ ಜಾಲತಾಣ ತೋರಿಸಿದ್ದು. ಅದು 103ರಿಂದ ಆರಂಭವಾಗುತ್ತಿತ್ತು. ಇನ್ನೊಂದು, ರೂಟರಿನ ಪುಟದಲ್ಲಿ 'ವ್ಯಾನ್' (ರೂಟರಿನ ಹೊರಗಿನ ಕಡೆ) ಎಂಬಲ್ಲಿ ಇದ್ದದ್ದು; ಅದು 192.168.100.2. ಎರಡೂ ಒಂದೇ ಆಗಿರಬೇಕಿತ್ತು. ಗೋಡೆಗೆ ತೂಗುಹಾಕಿದ್ದ ಫೈಬರ್ ಪೆಟ್ಟಿಗೆಯೂ ಒಂದು ರೂಟರೇ ಎಂಬುದು ಆಗ ಹೊಳೆಯಿತು: ವಠಾರದೊಳಗೆ ಇನ್ನೊಂದು ವಠಾರ. ಆ ಪೆಟ್ಟಿಗೆಯ ಪುಟ ತೆರೆದರೆ ಅದರ ಹೊರವಿಳಾಸವೂ 103 ಅಲ್ಲ, 100.72ರಿಂದ ಆರಂಭವಾಗುವ ಒಂದು ಸಂಖ್ಯೆ.

ಈ 100ರ ಕಥೆ ಹೇಳಬೇಕು. ಈ ನಂಬರುಗಳಿಗೆ ಐಪಿ ವಿಳಾಸ ಎಂದು ಹೆಸರು. ಹಳೆಯ ಬಗೆಯದು 32 ಬಿಟ್‌ಗಳದ್ದು, ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳು. ಭೂಮಿಯ ಮೇಲೆ ತಲೆಗೊಂದರಂತೆ ಹಂಚಿದರೂ ಸಾಲದು. ಜಾಗತಿಕ ದಾಸ್ತಾನಿನ ಕೊನೆಯ ಚೀಲಗಳು 2011ರ ಫೆಬ್ರವರಿ 3ರಂದು ಖಾಲಿಯಾದವು. ಆಮೇಲೆ ಇಂಟರ್ನೆಟ್ ಕೊಡುವ ಸಂಸ್ಥೆಗಳು ಸಾವಿರಾರು ಮನೆಗಳನ್ನು ಸೇರಿಸಿ ತಾವೇ ಒಂದು ಮಹಾವಠಾರ ಕಟ್ಟಿದವು. ಅದರ ಒಳನಂಬರುಗಳಿಗಾಗಿ 2012ರಲ್ಲಿ 100.64ರಿಂದ 100.127ರವರೆಗಿನ ಸಾಲನ್ನು ಮೀಸಲಿಟ್ಟರು. ನಿಮ್ಮ ರೂಟರ್ ಈ ಸಾಲಿನ ಸಂಖ್ಯೆ ತೋರಿಸಿದರೆ ಬೀದಿಯ ಡೋರ್ ನಂಬರ್ ನಿಮ್ಮದಲ್ಲ. ಯಜಮಾನನ ಪುಸ್ತಕ ನಿಮ್ಮ ಮನೆಯಲ್ಲಿಲ್ಲ, ಸಂಸ್ಥೆಯ ಯಂತ್ರದಲ್ಲಿದೆ. ಅದರಲ್ಲಿ ನೀವು ಸಾಲು ಬರೆಯುವಂತಿಲ್ಲ.

ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಶೇಂಗಾ ಸುಲಿಯುತ್ತ ಕೇಳಿಸಿಕೊಂಡು, ಕಿಟಕಿಯಾಚೆಯ ಬೆಟ್ಟದ ಕಡೆ ನೋಡಿ, "ಅಂದರೆ ಕೋಟೆಯ ಏಳನೆಯ ಸುತ್ತಿನ ಬಾಗಿಲು ತೆಗೆದಿಟ್ಟು ಕಾಯುತ್ತಿದ್ದೀಯ. ಮೊದಲನೆಯ ಸುತ್ತಿನದಕ್ಕೆ ಅಗಳಿ ಬಿದ್ದಿದೆ" ಎಂದರು. ಚಿತ್ರದುರ್ಗದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಸಂಸ್ಥೆಗೆ ಫೋನ್ ಮಾಡಿದೆವು. ಪಬ್ಲಿಕ್ ಐಪಿ, ಅಂದರೆ ಬೀದಿಗೆ ಕಾಣುವ ಸ್ವಂತ ವಿಳಾಸ, ಬೇಕೆಂದರೆ ತಿಂಗಳಿಗೆ ಬೇರೆ ಹಣ ಎಂದರು. ಮಾವ ಮುಖ ಕಿವುಚಿದರು. 128 ಬಿಟ್‌ಗಳ ಹೊಸ ಬಗೆಯ ವಿಳಾಸ ಐಪಿವಿ6 ಇದ್ದಿದ್ದರೆ ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ಸಿಗುತ್ತಿತ್ತು, ಆಗ ಫಾರ್ವರ್ಡಿಂಗಿನ ಬದಲು ರೂಟರಿನ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕಾಗುತ್ತಿತ್ತು. ಆದರೆ ಡಿವಿಆರಿಗೆ ಆ ಭಾಷೆಯೇ ಬರುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ಮೊಬೈಲ್ ಆ್ಯಪ್ ಒಂದಿತ್ತು, ನಿಜ. ಗೋದಾಮಿನ ಚಿತ್ರ ಎಲ್ಲಿಯದೋ ಕಂಪನಿಯ ಸರ್ವರ್ ದಾಟಿ ಬರುವುದು ನನಗೆ ಸರಿಕಾಣಲಿಲ್ಲ.

ಇನ್ನೊಂದು ಅಳುಕೂ ಇತ್ತು. ಡಿವಿಆರಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥದೇ ಬದಲಾಯಿಸದ ಪಾಸ್‌ವರ್ಡ್‌ಗಳ ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿ, ಅವುಗಳ ದಂಡು ಕಟ್ಟಿ, ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್‌ನಂಥ ತಾಣಗಳೇ ತೆರೆಯದಂತೆ ಮಾಡಿತ್ತು. ಆ ಮುಚ್ಚಿದ ಹೆಬ್ಬಾಗಿಲು ಇಷ್ಟು ದಿನ ಮಾವನನ್ನು ಕಾಪಾಡಿತ್ತು ಎಂದೇ ಹೇಳಬೇಕು. ಮೊದಲು ಪಾಸ್‌ವರ್ಡ್ ಬದಲಾಯಿಸಿದೆ.

ಮೂರನೆಯ ಭಾನುವಾರ ದಿಕ್ಕನ್ನೇ ತಿರುಗಿಸಿದೆ. ಒಳಗಿನಿಂದ ಹೊರಗೆ ಹೋಗುವ ಪತ್ರಕ್ಕೆ ಎಷ್ಟು ಬಾಗಿಲಿದ್ದರೂ ಅಡ್ಡಿಯಿಲ್ಲ. ಎರಡು ತುದಿಗಳಲ್ಲಿ ಒಂದಕ್ಕೆ ಬೀದಿಯ ವಿಳಾಸವಿದ್ದರೆ ಸಾಕು, ಮತ್ತು ದಾವಣಗೆರೆಯ ನನ್ನ ಮನೆಯಲ್ಲಿ ಆ ಎರಡು ಸಂಖ್ಯೆಗಳು ಒಂದೇ ಆಗಿದ್ದವು. ಗೋದಾಮಿನಲ್ಲಿ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟು, ಅದು ಎರಡು ತುದಿಗಳ ನಡುವೆ ಗುಪ್ತ ಸುರಂಗ ಕಟ್ಟುವ ವೈರ್‌ಗಾರ್ಡ್ ತಂತ್ರಾಂಶದ ಮೂಲಕ ನನ್ನ ಮನೆಯನ್ನು ಕರೆಯುವಂತೆ ಮಾಡಿದೆ. ಪೋರ್ಟ್ ಫಾರ್ವರ್ಡ್ ಮಾಡಬೇಕಾದದ್ದು ಈಗ ನನ್ನ ರೂಟರಿನಲ್ಲಿ: ಪೋರ್ಟ್ 51820. ಅದೂ ಕೆಲಸ ಮಾಡಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಕಣ್ಣಿಗೆ ಬಿತ್ತು: ಸಾಲಿನ ಕೊನೆಯ ಕಾಲಂನಲ್ಲಿ ಟಿಸಿಪಿ ಎಂದಿತ್ತು, ವೈರ್‌ಗಾರ್ಡ್ ಮಾತನಾಡುವುದು ಯುಡಿಪಿ. ಎರಡೂ ಪತ್ರ ಸಾಗಿಸುವ ಬೇರೆ ಬೇರೆ ಪದ್ಧತಿಗಳು. ಬದಲಾಯಿಸಿದ ಕೂಡಲೇ ಚಿತ್ರ ಬಂತು.

ಪೈ ಈಗ 25 ಸೆಕೆಂಡಿಗೊಮ್ಮೆ ನನ್ನ ಮನೆಗೆ ಒಂದು ಖಾಲಿ ಲಕೋಟೆ ಕಳುಹಿಸುತ್ತಿರುತ್ತದೆ. ಮಾತಿಲ್ಲದಿದ್ದರೆ ದಾರಿಯ ಮೂವರು ಯಜಮಾನರಲ್ಲಿ ಯಾರಾದರೊಬ್ಬ ಪುಸ್ತಕದ ಸಾಲು ಹೊಡೆದು ಹಾಕುತ್ತಾನೆ, ಅದಕ್ಕೆ.

ಮುಂದಿನ ಗುರುವಾರ ರಾತ್ರಿ ಊಟ ಮಾಡುತ್ತ ಗೋದಾಮನ್ನು ನೋಡುತ್ತಿದ್ದಾಗ ಪರದೆ ಕಪ್ಪಾಯಿತು. ಮಾವನಿಗೆ ಫೋನ್ ಮಾಡಿದೆ. "ಕರೆಂಟ್ ಹೋಗಿದೆ" ಎಂದರು. ಕಾದೆ. ಹತ್ತು ನಿಮಿಷದ ಮೇಲೆ ಚಿತ್ರ ತಾನಾಗಿ ಮರಳಿತು, ಡಿವಿಆರ್ 192.168.1.50ರಲ್ಲೇ ಇತ್ತು. ನಾಲ್ಕನೆಯ ಕ್ಯಾಮೆರಾದಲ್ಲಿ ಶೇಂಗಾ ಚೀಲಗಳ ಸಾಲು, ಮೇಲಿನ ಚೀಲದ ಮೇಲೊಂದು ಇಲಿ.